ಕೌದಿಯ ಹೊಟ್ಟೆಯ ಗಾಳಿ

ಲಕ್ಷ್ಮೇಶ್ವರದಲ್ಲಿ ಮಹಾನವಮಿ ಹತ್ತಿರ ಬಂತೆಂದರೆ ನಾವು ಓಣಿಯ ಹೆಂಗಸರು ಕೌದಿಗಳನ್ನು ಹೊತ್ತು ಒಗೆಯಲು ಶಿಗ್ಲಿ ದಾರಿಯ ಮೆಟ್ಟಿಲ ಬಾವಿಗೆ ಹೋಗುತ್ತಿದ್ದೆವು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಹೊಲಿದ ಕೌದಿ ನೆನೆದರೆ ಎಮ್ಮೆಯ ತೂಕ. ಆದರೂ ನೀರಿಗೆ ಹಾಸಿದ ಕೂಡಲೇ ಮುಳುಗುವುದಿಲ್ಲ. ಅಡಿಯಲ್ಲಿ ಗಾಳಿ ಸಿಕ್ಕಿ ನಡುವೆ ಉಬ್ಬುತ್ತದೆ. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ. ಅಂಚು ಹಿಡಿದು ಬಿಗಿಯಾಗಿ ಎಳೆದರೆ ಗಾಳಿ ಬುಡುಬುಡು ಹೊರಬೀಳುತ್ತದೆ. ನಾವು ಮುಳುಗಿಸುತ್ತಿದ್ದುದು ಹಾಗೆಯೇ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಮಳೆ ಚೆನ್ನಾಗಿ ಆಗಿ ಬಾವಿ ತುಂಬಿತ್ತು. ಆ ದಿನ ಹೋದವರು ನಾನು, ನನ್ನ ಸಣ್ಣ ಮಗಳು, ಪಕ್ಕದ ಮನೆಯವಳು, ಮೂವರೇ. ಮೂವರಿಗೂ ಈಜು ಬಾರದು.

"ನೋಡಲೇ, ನಿಮ್ಮವ್ವನ ಕೌದಿ ಬಸರಾಗೇತಿ" ಎಂದಳು ಪಕ್ಕದವಳು.

"ಗಂಡೋ ಹೆಣ್ಣೋ ನೋಡ್ತೀನಿ ತಡಿ" ಎಂದು ಹುಡುಗಿ ಬಗ್ಗಿ ಆ ಉಬ್ಬನ್ನು ಎರಡೂ ಕೈಯಿಂದ ಒತ್ತಿದಳು. ಗಾಳಿ ಆಚೆ ಸರಿಯಿತು. ಕೈಗೆ ಆಸರೆ ಸಿಗದೆ ಹುಡುಗಿ ಮುಂದಕ್ಕೆ ಬಿದ್ದಳು. ಬಿದ್ದ ಹೊಡೆತಕ್ಕೆ ಕೌದಿ ನನ್ನ ಕೈಯಿಂದ ಜಾರಿ ಬಾವಿಯ ನಡುವಿಗೆ ಹೋಯಿತು, ಅವಳೂ ಅದರ ಜೊತೆಗೆ.

ಮುಳುಗಿ ಎದ್ದು ಅವಳು ಆ ಉಬ್ಬನ್ನೇ ತಬ್ಬಿಕೊಂಡಳು. ಮೇಲೆ ಹತ್ತಲು ನೋಡಿದಷ್ಟೂ ಅದು ಅವಳ ಅಡಿಯಿಂದ ನುಣುಚುತ್ತಿತ್ತು.

"ಹತ್ತಬ್ಯಾಡ ಬೇ, ಗದ್ದಾ ಇಟ್ಟು ಸುಮ್ನಿರು" ಎಂದು ಕೂಗಿದೆ. ನೀರಿನೊಳಗಿನ ಮೆಟ್ಟಿಲುಗಳನ್ನು ಇಳಿದೆ. ಕತ್ತಿನ ಮಟ್ಟ ನೀರು ಬಂದಾಗ ಮೆಟ್ಟಿಲು ಮುಗಿಯಿತು. ಹಿಂದೆ ಪಕ್ಕದವಳು ನನ್ನ ಸೆರಗು ಕೈಗೆ ಸುತ್ತಿ ಹಿಡಿದಿದ್ದಳು. ಕೈ ಚಾಚಿದರೆ ಕೌದಿಯ ಮೂಲೆ ಸಿಕ್ಕಿತು.

"ಎಳಿ, ಜಲ್ದಿ ಎಳಿ" ಎಂದಳು ಪಕ್ಕದವಳು.

ಎಳೆದೆ. ಬಟ್ಟೆ ಬಿಗಿಯಿತು, ಆಚೆ ಅಂಚಿನಲ್ಲಿ ಗಾಳಿ ಭಕ್ಕನೆ ಹೋಯಿತು. ಹುಡುಗಿ ಮೂಗಿನವರೆಗೆ ಇಳಿದಳು. ಎಳೆಯುವುದು ಬಿಟ್ಟು ಸಡಿಲ ಮಾಡಿದೆ. ಉಬ್ಬು ಅರ್ಧ ಉಳಿದಿತ್ತು.

"ಯಾಕ ನಿಂತಿ? ಎಳಿಯಂದ್ರ."

"ಎಳದ್ರ ಸಾಯ್ತಾಳ."

"ಬಿಟ್ರ ಬದಕತಾಳೇನು?"

ಅದೂ ಖರೆ. ಹೊಲಿಗೆಯ ತೂತುಗಳಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಬಟ್ಟೆಗೆ ಅಂಟಿ ನಿಲ್ಲುತ್ತಿದ್ದವು, ಎರಡು ಕೂಡಿ ದೊಡ್ಡದಾಗಿ ಒಡೆಯುತ್ತಿದ್ದವು. ಒಡೆದಷ್ಟೂ ಅವಳು ತಗ್ಗುತ್ತಿದ್ದಳು. ನನಗೆ ದೇವರು ನೆನಪಾಗಲಿಲ್ಲ. ಗಾಳಿ ಎಷ್ಟು ಉಳಿಯಿತೆಂದು ನೋಡುತ್ತಿದ್ದೆ, ಅಷ್ಟೇ.

ಬಟ್ಟೆ ಬಿಗಿಯದ ಹಾಗೆ ಒಂದು ಗೇಣು ಎಳೆದು ನಿಲ್ಲುತ್ತಿದ್ದೆ. ನೆರಿಗೆ ನೀರಿನಲ್ಲಿ ಸಡಿಲವಾದ ಮೇಲೆ ಮತ್ತೊಂದು ಗೇಣು. ಹುಡುಗಿ ಅಳಲಿಲ್ಲ, ಕಣ್ಣು ಮಾತ್ರ ನನ್ನ ಮೇಲಿತ್ತು. ಇನ್ನೊಂದು ಮೊಳ ಇರುವಾಗ ಉಬ್ಬು ಚಪ್ಪಟೆಯಾಯಿತು. ನೀರು ಅವಳ ಬಾಯಿ ಮುಚ್ಚಿತು, ಕಣ್ಣು ಮುಚ್ಚಿತು. ನಾನು ಮೆಟ್ಟಿಲು ಬಿಟ್ಟು ಮುಂದೆ ಬಿದ್ದು ಜಡೆ ಹಿಡಿದೆ. ಪಕ್ಕದವಳು ಸೆರಗು ಎಳೆದಳು. ಸೀರೆ ಹರಿಯಿತು, ಆದರೆ ಅಷ್ಟರಲ್ಲಿ ಕಾಲಿಗೆ ಕಲ್ಲು ಸಿಕ್ಕಿತ್ತು.

ಬೋರಲು ಹಾಕಿ ಬೆನ್ನು ಗುದ್ದಿದ ಮೇಲೆ ಹುಡುಗಿ ನೀರು ಕಾರಿದಳು, ಉಸಿರಾಡಿದಳು. ಆದರೆ ಕೌದಿ ಹಿಡಿದ ಮುಷ್ಟಿ ಬಿಚ್ಚಲಿಲ್ಲ.

"ಬಿಡವ್ವಾ, ಇದು ನೆಲಾ" ಎಂದಳು ಪಕ್ಕದವಳು.

ಬಿಡಲಿಲ್ಲ. ನಾನು ಮಗಳನ್ನು ಹೊತ್ತೆ, ಪಕ್ಕದವಳು ಆ ಎಮ್ಮೆ ಭಾರದ ಕೌದಿಯನ್ನು ಹೊತ್ತಳು. ಹುಡುಗಿಯ ಮುಷ್ಟಿಗೂ ಕೌದಿಗೂ ನಡುವೆ ಬಟ್ಟೆ ಬಿಗಿಯದಂತೆ ಇಬ್ಬರೂ ಒಂದೇ ಹೆಜ್ಜೆಯಲ್ಲಿ ಊರಿನವರೆಗೆ ನಡೆದೆವು.