ಹನ್ನೆರಡು ಫೋನು, ಹನ್ನೊಂದು ಆಳು

ಸೆಪ್ಟೆಂಬರ್ ೧೮, ಬುಧವಾರ, ಬೆಳಿಗ್ಗೆ ೯ ಗಂಟೆ ೪೦ ನಿಮಿಷ. ಕೊಣ್ಣೂರಿನ ಹತ್ತಿರ ಒಂದು ಹತ್ತಿ ಹೊಲದ ಬದುವಿನ ಮೇಲೆ ನಿಂತು ಆಯಿಯ ಚೀಲಕ್ಕೆ ಎರಡು ಫೋನು ಹಾಕಿದೆ. ಒಂದು ನನ್ನದು, ಇನ್ನೊಂದು ಅಕ್ಕನದು. ಅಕ್ಕ ಅಂದು ಹೊಲಕ್ಕೆ ಬಂದಿರಲಿಲ್ಲ. ಆಮೇಲೆ ಆದದ್ದೆಲ್ಲ ಇದರಿಂದಲೇ ಆಯಿತು.

ಏಳನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಎದ್ದ ಹೊತ್ತು, ಹೋದ ಜಾಗ, ಯಾರು ಏನೆಂದರು, ಎಲ್ಲ. ಹೀಗಾಗಿ ಇಲ್ಲಿಯ ದಿನ, ಹೊತ್ತುಗಳಲ್ಲಿ ತಪ್ಪಿಲ್ಲ.

ನಮ್ಮದು ಅಸೂಟಿ. ರೋಣದಲ್ಲಿ ಬಿ.ಎ. ಮುಗಿಸಿದ್ದೇನೆ, ಕೆಲಸ ಸಿಕ್ಕಿಲ್ಲ. ಹೊಲದ ಕಸ, ಅಂದರೆ ಕಳೆ, ತೆಗೆಯುವ ಹಂಗಾಮಿನಲ್ಲಿ ಓಣಿಯ ಹೆಂಗಸರ ಜೊತೆ ಟಂಟಂ ಗಾಡಿ ಹತ್ತಿ ನರಗುಂದದ ಕಡೆಯ ಹೊಲಗಳಿಗೆ ಹೋಗುತ್ತೇನೆ. ನಮ್ಮ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಹೊಲಕ್ಕೆ ಇಳಿಯುವ ಮೊದಲು ಎಲ್ಲರೂ ತಮ್ಮ ಫೋನನ್ನು ಆಯಿಗೆ ಒಪ್ಪಿಸಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎರಡು ಫೋನು ನಾವು ಬಗ್ಗಿದಾಗ ಜಾರಿ ಕಾಲುವೆಯ ನೀರಿಗೆ ಬಿದ್ದು ಹಾಳಾದ ಮೇಲೆ ಹುಟ್ಟಿದ ಪದ್ಧತಿ ಇದು. ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಗುಂಪಿನ ಹಿರಿಯಳು, ಎಲ್ಲರಿಗೂ ಆಯಿ. ಸೊಂಟ ಬಗ್ಗುವುದಿಲ್ಲವಾದ್ದರಿಂದ ಬುತ್ತಿ, ನೀರಿನ ಕೊಡ, ಫೋನುಗಳನ್ನು ಕಾಯುತ್ತಾಳೆ. ಅವಳಿಗೆ ಮಾತ್ರ ಫೋನಿಲ್ಲ.

ಅಕ್ಕನನ್ನು ಗಜೇಂದ್ರಗಡಕ್ಕೆ ಕೊಟ್ಟಿತ್ತು. ಏಪ್ರಿಲ್‌ನಲ್ಲಿ ಗಂಡನ ಮನೆ ಬಿಟ್ಟು ಬಂದಳು. ಯಾಕೆಂದು ನಾನು ಕೇಳಲಿಲ್ಲ. ಅವಳ ಎಡಗಿವಿಗೆ ಈಗಲೂ ಸರಿಯಾಗಿ ಕೇಳಿಸುವುದಿಲ್ಲ. ಬಂದ ನಾಲ್ಕನೇ ದಿನ ಮಾವನ, ಅಂದರೆ ಅವಳ ಗಂಡನ, ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿದ್ದಳು.

"ರೋಣದ ಬಸ್‌ಸ್ಟ್ಯಾಂಡಿನ್ಯಾಗ ಹದಿನಾರು ಮಿನಿಟ ಏನ್ ಮಾಡಾಕತ್ತಿದ್ದಿ?"

"ಬಸ್ ಕಾಯಾಕತ್ತಿದ್ನಿ."

"ಎಡಕಿನ ಬಾಜೂಕ ಹಣ್ಣಿನ ಅಂಗಡಿ ಕಡೆ ಹೋಗಿದ್ದಿ. ಅಲ್ಲಿ ಯಾ ಬಸ್ ನಿಂದರ್ತಾವ?"

ಫೋನು ಕೊಡಿಸಿದವನು ಅವನು, ಸಿಮ್ಮು ಅವನ ಹೆಸರಿನಲ್ಲಿ. ಕೊಡಿಸುವಾಗಲೇ ಒಳಗೆ ಏನೋ ಹಾಕಿಟ್ಟಿದ್ದ. ಏಪ್ರಿಲ್‌ನಿಂದ ಆಗಸ್ಟ್ ಕೊನೆಯವರೆಗೆ ಅಂಥ ಕರೆಗಳು ೬೩ ಬಂದವು. ಅವುಗಳಲ್ಲಿ ಅವನು ಹೇಳಿದ ಜಾಗ ತಪ್ಪಾಗಿದ್ದದ್ದು ಎರಡೇ ಸಲ. ತೆಗೆಸಿಬಿಡು ಅಂದೆ. "ತಗಿಸಿದ್ರ ತಗಿಸೀನಿ ಅಂತ ಗೊತ್ತಾಗಿ ಮನಿಗೇ ಬರ್ತಾನ" ಅಂದಳು ಅಕ್ಕ.

ಹೀಗಾಗಿ ಬೇರೆ ದಾರಿ ಹುಡುಕಿದೆವು. ಅಕ್ಕನಿಗೆ ಎಲ್ಲಾದರೂ ಹೋಗಬೇಕಾದ ದಿನ ಅವಳ ಫೋನು ನನ್ನ ಜೊತೆ ಹೊಲಕ್ಕೆ ಬರುತ್ತಿತ್ತು. ಮಾವನ ಕಣ್ಣಿಗೆ ಅಕ್ಕ ಕಸ ತೆಗೆಯುತ್ತಿದ್ದಳು. ಆ ಬುಧವಾರ ಅವಳು ಇನ್ನೊಂದು ಊರಿನಲ್ಲಿ ಹೊಲಿಗೆ ಕೆಲಸ ಮಾತಾಡಿಕೊಂಡು, ಬಾಡಿಗೆಯ ಕೋಣೆಯೊಂದನ್ನು ನೋಡಿ ಬಂದಳು. ಮಾವನಿಗೆ ಗೊತ್ತಿರದ ಜಾಗ ಅವಳಿಗೆ ಅದೊಂದೇ ಇತ್ತು.

ಅದೇ ದಿನ ಕೊಣ್ಣೂರಿನ ಸೇತುವೆಯ ಹತ್ತಿರ ರಸ್ತೆ ತಡೆ ನಡೆಯಿತು. ಹೊಳೆ ಬಂದಾಗೆಲ್ಲ ಮುಳುಗುವ ಸೇತುವೆಯನ್ನು ಎತ್ತರಿಸಿ ಎಂದು ರೈತರು ಕೂತಿದ್ದರು. ನಮ್ಮ ಹೊಲ ಅಲ್ಲಿಂದ ಮೂರು ಕಿಲೋಮೀಟರು. ನಾವು ಸಾಲು ಬಿಟ್ಟು ತಲೆಯೆತ್ತಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದರೆ ಬುತ್ತಿಗಳಿದ್ದವು, ಕೊಡವಿತ್ತು, ಆಯಿ ಇರಲಿಲ್ಲ. ಮೂರೂವರೆಗೆ ಯಾರದೋ ಟ್ರ್ಯಾಕ್ಟರಿನಿಂದ ಇಳಿದಳು.

"ಎಲ್ಲಿ ಹೋಗಿದ್ದಿ ಆಯಿ?"

"ಸೇತುವಿಗೆ. ನಮ್ಮ ತವರಮನಿ ಮಂದಿ ಎಲ್ಲಾ ಕುಂತಿತ್ತು. ಉಪ್ಪಿಟ್ಟ ಕೊಟ್ರು. ಆಮ್ಯಾಲ ಯಾವನೋ ಪೊಲೀಸ್ರ ಜೀಪಿಗೆ ಕಲ್ಲ ಒಗದಾ, ನಾ ಎದ್ದ ಬಂದೆ."

"ಫೋನೆಲ್ಲಾ?"

ಆಯಿ ಹೆಗಲ ಮೇಲಿನ ಚೀಲ ತಟ್ಟಿ ತೋರಿಸಿದಳು. "ಕಾಯೂದಂದ್ರ ಇಳಸೂದಲ್ಲವಾ. ಒಂದ ಗಳಿಗಿ ಇಳಸಿಲ್ಲ." ಎಲ್ಲರೂ ನಕ್ಕೆವು. ಅಂದಿನ ದಿನಚರಿಯಲ್ಲಿ ನಾನು ಇದನ್ನು ತಮಾಷೆಯ ಸಂಗತಿಯೆಂದು ಬರೆದಿದ್ದೇನೆ.

ಸೆಪ್ಟೆಂಬರ್ ೨೭, ಶುಕ್ರವಾರ, ಸಂಜೆ ೫ ಗಂಟೆ ೧೦ ನಿಮಿಷ. ಮಾವನ ಕರೆ. ಯಾವತ್ತೂ ಕೂಗಾಡುವವನು ಅಂದು ಮೆಲ್ಲಗೆ ಮಾತಾಡಿದ. "ನನಗ ಠಾಣೇದಿಂದ ಫೋನ್ ಬಂದಿತ್ತು. ನನ್ನ ಹೆಸರಿನ ನಂಬರ ಸೇತುವಿ ಹತ್ರ ಇತ್ತಂತ. ಹೇಣ್ತಿ ಕಡೆ ಐತ್ರಿ ಅಂತ ಹೇಳೀನಿ. ಗುರುವಾರ ಕರದಾರ. ನಾನೂ ಬರ್ತೀನಿ."

ಕಲ್ಲು ಬಿದ್ದ ಹೊತ್ತಿನಲ್ಲಿ ಸೇತುವೆಯ ಬಳಿಯ ಟವರಿಗೆ ಸಿಕ್ಕ ಫೋನುಗಳ ಪಟ್ಟಿಯನ್ನು ಪೊಲೀಸರು ತರಿಸಿಕೊಂಡಿದ್ದರಂತೆ. ಅದರಲ್ಲಿ ನಮ್ಮ ಗುಂಪಿನ ಹನ್ನೆರಡೂ ನಂಬರುಗಳಿದ್ದವು. ಎಲ್ಲರನ್ನೂ ಕರೆದಿದ್ದರು.

ಅಕ್ಟೋಬರ್ ೩, ಗುರುವಾರ. ಯಾವ ಠಾಣೆ ಎಂದು ಬರೆಯುವುದಿಲ್ಲ. ಹನ್ನೊಂದು ಗಂಟೆಗೆ ಒಳಗೆ ಕೂತೆವು. ಮಾವ ಆಗಲೇ ಬಂದು ಹವಾಲ್ದಾರರ ಮೇಜಿನ ಪಕ್ಕದ ಕುರ್ಚಿಯಲ್ಲಿದ್ದ. ನಮಗೆ ಬೆಂಚು.

ಆಯಿ ನಡೆದದ್ದನ್ನು ಹೇಳಿದಳು. ಹವಾಲ್ದಾರರಿಗೆ ಮೊದಲು ತಿಳಿಯಲಿಲ್ಲ, ತಿಳಿದ ಮೇಲೆ ಬಹಳ ನಕ್ಕರು. "ಅಂದ್ರ ಹನ್ನೆರಡ ಮಂದಿ ಹೋರಾಟಗಾರರನ್ನ ನೀ ಒಬ್ಬಾಕಿನ ಚೀಲದಾಗ ಹಾಕ್ಕೊಂಡ ಬಂದಿ?"

"ಹೌದ್ರಿ ಸಾಹೇಬ್ರ. ಹಗರ ಇದ್ರು."

"ನಿನ್ನ ಹೆಸರಽ ಇಲ್ಲಲ್ಲಬೇ ಇದರಾಗ?"

"ನನಗ ಫೋನ್ ಎಲ್ಲೈತ್ರಿ? ನನ್ನ ಯಾರ ಕೇಳ್ತಾರ?"

ಆಮೇಲೆ ಹೊಲದ ಮಾಲಕನಿಗೆ ಫೋನು ಮಾಡಿದರು. ಅಂದು ಎಷ್ಟು ಆಳು ಎಂದು ಕೇಳಿದರು. ಅವನು ಪುಸ್ತಕ ನೋಡಿ ಹೇಳಿದ್ದು ಕೋಣೆಗೆಲ್ಲ ಕೇಳಿಸಿತು. "ಹನ್ನೊಂದು ಆಳ್ರಿ. ಮುದಿಕಿ ಬ್ಯಾರೆ."

ಹವಾಲ್ದಾರರ ನಗು ನಿಂತಿತು. ಬೆರಳಿನಿಂದ ನಮ್ಮನ್ನು ಎಣಿಸಿದರು. "ಫೋನ್ ಹನ್ನೆರಡು. ಆಳು ಹನ್ನೊಂದು. ಉಳದಾಕಿ ಯಾರು?" ಮಾಲಕ ಓದಿದ ಹನ್ನೊಂದು ಹೆಸರುಗಳಲ್ಲಿ ಅಕ್ಕನದು ಇರಲಿಲ್ಲ.

ಮಾವ ಮಡಿಚಿದ ಹಾಳೆಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟ. ಏಪ್ರಿಲ್‌ನಿಂದ ಅಕ್ಕ ಎಲ್ಲೆಲ್ಲಿ ಹೋದಳೆಂದು ನಕ್ಷೆ ತೆಗೆಸಿ ತಂದಿದ್ದ. ಹವಾಲ್ದಾರರು ಬುಧವಾರದ ಹಾಳೆಯನ್ನು ತಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿದರು. ಎರಡೂ ಒಂದನ್ನೇ ಹೇಳುತ್ತಿದ್ದವು. "ಚಲೋ ಇಟ್ಟೀಯಪಾ, ನಮ್ಮಕಿಂತ ಸಾಫ್ ಐತಿ" ಅಂದರು. ಹೆಂಡತಿಯ ಹೆಜ್ಜೆಗಳನ್ನು ಬರೆದಿಡಲು ಯಾರ ಅಪ್ಪಣೆ ಪಡೆದೆ ಎಂದು ಯಾರೂ ಕೇಳಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಬಿ.ಎ. ಎರಡನೇ ವರ್ಷದಲ್ಲಿ ಐದು ಅಂಕಕ್ಕೆ ಬರೆದಿದ್ದೆ, ಪೂರ್ತಿ ಅಂಕ ಬಂದಿದ್ದವು.

"ಹೊಲದಾಗ ಇರಲಿಲ್ಲ ಅಂದ್ರ ಎಲ್ಲಿದ್ದಿವಾ?" ಹವಾಲ್ದಾರರು ಅಕ್ಕನನ್ನು ಕೇಳಿದರು.

ನಾನು ಅಭ್ಯಾಸದಂತೆ ಸಣ್ಣ ಪುಸ್ತಕದಲ್ಲಿ ಹೊತ್ತು ಗುರುತು ಹಾಕಿಕೊಳ್ಳುತ್ತಿದ್ದೆ, ೧೨ ಗಂಟೆ ೨೫. ಮಾವ ನನ್ನ ಕಡೆ ತಿರುಗಿದ.

"ಈಕಿ ದಿನಾ ಬರೀತಾಳ್ರಿ ಸಾಹೇಬ್ರ. ಅಕ್ಕ ಎದ್ದಿದ್ದು, ಕುಂತಿದ್ದು, ಹೋಗಿದ್ದು, ಎಲ್ಲಾ. ಆ ಪುಸ್ತಕ ನೋಡ್ರಿ."

ಪುಸ್ತಕ ನನ್ನ ತೊಡೆಯ ಮೇಲಿತ್ತು. ಸೆಪ್ಟೆಂಬರ್ ೧೮ರ ಪುಟದಲ್ಲಿ ಊರಿನ ಹೆಸರು, ಕೋಣೆ ಯಾವ ಓಣಿಯಲ್ಲಿದೆ, ಅಕ್ಕ ಬಸ್ಸು ಹತ್ತಿದ ಹೊತ್ತು, ಇಳಿದ ಹೊತ್ತು, ಎಲ್ಲ ನನ್ನದೇ ಅಕ್ಷರದಲ್ಲಿ. ಆ ಪುಟವನ್ನು ತೋರಿಸಿದ್ದರೆ ಅಕ್ಕ ಕೇಸಿನಿಂದ ಪಾರಾಗುತ್ತಿದ್ದಳು. ಜೊತೆಗೆ ಮಾವನಿಗೆ ಬಾಗಿಲಿನವರೆಗೂ ದಾರಿ ಸಿಗುತ್ತಿತ್ತು. ಇಷ್ಟು ದಿನ ಮಾವ ಮಾಡುತ್ತಿದ್ದ ಕೆಲಸವನ್ನೇ ನಾನು ಅವನಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದೆ.

ಹವಾಲ್ದಾರರು ಕೈ ಚಾಚಿದರು. "ಕೊಡ ತಂಗಿ, ನೋಡೂಣು."

"ಪುಸ್ತಕ ಯಾಕ್ರಿ" ಅಂದಳು ಅಕ್ಕ. ಧ್ವನಿ ಗಟ್ಟಿಯಿತ್ತು. "ಫೋನ್ ಎಲ್ಲಿತ್ರಿ, ನಾನೂ ಅಲ್ಲೇ ಇದ್ದೆ. ಆಯಿ ಜೋಡಿ ಸೇತುವಿಗೆ ಹೋಗಿದ್ನಿ. ಬರಕೋರಿ."

ಹವಾಲ್ದಾರರು ಆಯಿಯನ್ನು ನೋಡಿದರು. ಆಯಿ ಅಕ್ಕನನ್ನು ನೋಡಿದಳು, ಆಮೇಲೆ ಮಾವನನ್ನು. "ಹೌದ್ರಿ. ಕೈ ಹಿಡಕೊಂಡ ನಡಸ್ಯಾಳ್ರಿ ನನ್ನ. ನನಗ ಒಬ್ಬಾಕಿಗೆ ನಡ್ಯಾಕ ಆಗ್ತೈತೇನ್ರಿ?"

ಹವಾಲ್ದಾರರು ಬರೆದುಕೊಂಡರು. ೧೨ ಗಂಟೆ ೫೦ಕ್ಕೆ ಅಕ್ಕ ಸಹಿ ಮಾಡಿದಳು. ಕೇಸಿನಲ್ಲಿ ಅವಳದು ಮೂವತ್ತೊಂದನೇ ಹೆಸರು. ಹೊಲದಲ್ಲಿದ್ದ ಹನ್ನೊಂದು ಜನರನ್ನೂ ಪಟ್ಟಿಯಲ್ಲಿಲ್ಲದ ಆಯಿಯನ್ನೂ ಬಿಟ್ಟರು. ಸಂಪರ್ಕದ ನಂಬರು ಎಂಬಲ್ಲಿ ಅದೇ ಫೋನಿನ ನಂಬರು, ವಿಳಾಸ ಎಂಬಲ್ಲಿ ಸಿಮ್ಮಿನ ದಾಖಲೆಯಲ್ಲಿದ್ದ ಗಜೇಂದ್ರಗಡದ ಮನೆ. ಇದು ನನಗೆ ತಿಳಿದದ್ದು ಹೊರಗೆ ಬಂದು ಪ್ರತಿಯನ್ನು ಓದಿದಾಗ.

ಅಕ್ಟೋಬರ್ ೧೪, ಸೋಮವಾರ, ಬೆಳಿಗ್ಗೆ ೬ ಗಂಟೆಗೆ ಅಕ್ಕ ಕೋಣೆ ನೋಡಿ ಬಂದಿದ್ದ ಆ ಊರಿಗೆ ಇರಲು ಹೋದಳು. ಫೋನನ್ನು ನನ್ನ ಕೈಗೆ ಕೊಟ್ಟಳು. ಸ್ವಿಚ್ ಆಫ್ ಮಾಡುವಂತಿಲ್ಲ, ಕೋರ್ಟಿನ ಕರೆ ಬರುವುದು ಅದಕ್ಕೇ. ಮೂರು ದಿನ ಅದು ನಮ್ಮ ಗೋಡೆಯ ಮಾಡದಲ್ಲಿ ಸುಮ್ಮನಿತ್ತು. ನಾಲ್ಕನೇ ದಿನ ಮಾವ ನನ್ನ ನಂಬರಿಗೆ ಫೋನು ಮಾಡಿದ. "ನಿಮ್ಮಕ್ಕ ಹಾಸಿಗಿ ಬಿಟ್ಟ ಎದ್ದೇ ಇಲ್ಲಲ್ಲ. ಆರಾಮಿಲ್ಲೇನು? ಬಂದು ದವಾಖಾನಿಗೆ ಕರಕೊಂಡ ಹೋಗ್ಲೇನು?"

ಅಂದಿನಿಂದ ಅಕ್ಕನ ಫೋನನ್ನು ನಾನು ನಡೆಸುತ್ತಿದ್ದೇನೆ. ಬೆಳಿಗ್ಗೆ ನೀರಿಗೆ, ಹತ್ತಕ್ಕೆ ಹಿಟ್ಟಿನ ಗಿರಣಿಗೆ, ಕೆಲವು ದಿನ ಹೊಲಕ್ಕೆ. ಮೂವತ್ತೆಂಟು ದಿನ ಆಯಿತು. ದಾರಿಯಲ್ಲಿ ನಿಂತರೆ ಎಷ್ಟು ಹೊತ್ತು ನಿಂತೆ ಎಂದು ನೋಡಿಕೊಳ್ಳುತ್ತೇನೆ. ಹದಿನಾರು ನಿಮಿಷ ಎಲ್ಲಿಯೂ ನಿಲ್ಲುವುದಿಲ್ಲ. ಆ ಊರಿನ ಹೆಸರಿದ್ದ ಪುಟಗಳನ್ನು ಒಲೆಗೆ ಹಾಕಿದ್ದೇನೆ.

ಹೋದ ಭಾನುವಾರ ಎರಡೂ ಫೋನುಗಳನ್ನು ಮನೆಯಲ್ಲಿ ಬಿಟ್ಟು ನರಗುಂದದ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನನ್ನು ಭೇಟಿಯಾದೆ. ಇದನ್ನು ಅಚ್ಚಿಗೆ ಕೊಡಲೇ ಎಂದು ಕೇಳಿದೆ. ಓದುವವರಲ್ಲಿ ಮಾವನೂ ಇರಬಹುದು, ಠಾಣೆಯವರೂ ಇರಬಹುದು ಎಂದೆ.

"ಬರಿ. ಫೋನ್ ಇದ್ದಲ್ಲಿ ನಾ ಇಲ್ಲ ಅನ್ನೂದು ಗೊತ್ತಾಗಲಿ. ಎಲ್ಲಿ ಅದೀನಿ ಅನ್ನೂದು ಬ್ಯಾಡ."

ಕೇಸಿನ ಮೊದಲ ತಾರೀಖು ಇನ್ನೂ ಬಂದಿಲ್ಲ. ಬಂದರೆ ಸಮನ್ಸು ಹೋಗುವುದು ಗಜೇಂದ್ರಗಡದ ಮನೆಗೆ, ಮಾವನ ಕೈಗೆ. ಅದನ್ನು ತಪ್ಪಿಸಬೇಕಾದರೆ ಅಕ್ಕ ಹೊಸ ವಿಳಾಸ ಕೊಡಬೇಕು. ಆ ವಿಳಾಸ ಕಾಗದದ ಮೇಲೆ ಬಂದರೆ ಅದನ್ನು ಯಾರು ಯಾರು ನೋಡಬಹುದು? ಬೇರೆಯವರ ಕಣ್ಣಿಗೆ ಬೀಳದಂತೆ ಕೊಡುವ ಕ್ರಮ ಏನಾದರೂ ಇದೆಯೇ? ಇಬ್ಬರು ವಕೀಲರನ್ನು ಕೇಳಿದೆ. ಒಬ್ಬರು ಇದೆ ಎಂದರು, ಇನ್ನೊಬ್ಬರು ಇಲ್ಲ ಎಂದರು. ಟವರಿನ ಆ ಪಟ್ಟಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಅದರಲ್ಲಿ ಹೆಸರಿದ್ದವರು ಅದನ್ನು ಕೇಳಿ ನೋಡಬಹುದೇ ಎನ್ನುವುದಕ್ಕೆ ಇಬ್ಬರಲ್ಲೂ ಉತ್ತರವಿರಲಿಲ್ಲ. ಇಂಥದ್ದನ್ನು ಕಂಡವರು, ದಾಟಿ ಬಂದವರು, ಕಾನೂನು ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕಾಗದದಲ್ಲೇ ಬರೆಯಿರಿ. ನಿಮ್ಮ ಊರನ್ನು ತಿಳಿಸಬೇಕಾಗಿಲ್ಲ.