ಯಜಮಾನಿಯ ಪಕ್ಕದ ಬಾಟಲಿ

ಬಿಸಿಲಜ್ಜಿ ಎಂದರೆ ಆ ಪ್ರಯೋಗಾಲಯದಲ್ಲಿ ಗೇಟು ಕಾಯುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಗೊತ್ತು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಇಪ್ಪತ್ತಾರು ವರ್ಷಗಳಿಂದ ಹಿತ್ತಲಿನ ಪ್ರಾಣಿಮನೆಯ ಪುಟ್ಟ ಕೋತಿಗಳನ್ನು ಸಾಕುವುದು ಅವಳ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಗಾಲಿಯ ಪಂಜರಗಳನ್ನು ಅಂಗಳದ ಬಿಸಿಲಿಗೆ ತಳ್ಳಬೇಕು, ನೆರಳು ಬಂದಂತೆಲ್ಲ ಸರಿಸುತ್ತಿರಬೇಕು.

ಕಿವಿಯ ಮೇಲೆ ಬಿಳಿ ಜುಟ್ಟಿರುವ, ಅಂಗೈಯಲ್ಲಿ ಹಿಡಿಯಬಹುದಾದ ಆ ಕೋತಿಗಳದ್ದು ವಿಚಿತ್ರ ಮೈ. ವಿಟಮಿನ್ ಡಿ ಮೈಯೊಳಗೆ ಹಾರ್ಮೋನಾಗಿ ಮೂಳೆಯನ್ನು ಗಟ್ಟಿ ಮಾಡಬೇಕಷ್ಟೆ? ಇವುಗಳ ರಕ್ತದಲ್ಲಿ ಆ ಹಾರ್ಮೋನು ಮನುಷ್ಯರಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಬಿಸಿಲು, ಔಷಧಿ ಎರಡೂ ಕಡಿಮೆಯಾದರೆ ಕಾಲು ಬಗ್ಗಿಬಿಡುತ್ತದೆ. ಕಡಲೆ ಇದೆ, ಹಲ್ಲಿಲ್ಲ. ತುಂಬಿದ ಮನೆಯಲ್ಲಿ ಉಪವಾಸ ಬೀಳುವ ಜನ ನೀವು ಎಂದು ಬಿಸಿಲಜ್ಜಿ ಬೈಯುತ್ತಲೇ ಅವಕ್ಕೆ ತಿನ್ನಿಸುತ್ತಿದ್ದಳು.

ಅವುಗಳಲ್ಲೊಂದಕ್ಕೆ ಯಜಮಾನಿ ಎಂದು ಹೆಸರಿಟ್ಟಿದ್ದಳು. ಮೂಳೆ ಮೆತ್ತಗಾದ ಮೇಲೆ ಅದು ಕಾಲೂರುತ್ತಿರಲಿಲ್ಲ. ಎರಡೂ ಕೈಯಲ್ಲಿ ಸರಳು ಹಿಡಿದು, ಕಾಲು ಮಡಚಿ, ನೇತಾಡುತ್ತಾ ಬಿಸಿಲಿಗೆ ಮುಖ ಕೊಡುತ್ತಿತ್ತು. ಸತ್ತು ಹನ್ನೊಂದು ವರ್ಷವಾಯಿತು. ಸತ್ತಿತು ಅನ್ನುವುದೂ ಪೂರ್ತಿ ಸರಿಯಲ್ಲ. ಅದರ ರಕ್ತದ ಜೀವಕೋಶಗಳನ್ನು ಪ್ರಯೋಗಾಲಯದ ಡಾಕ್ಟರಮ್ಮ ಬಾಟಲಿಯಲ್ಲಿ ಬೆಳೆಸಿ, ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿಟ್ಟಿದ್ದರು. ಅವು ಇವತ್ತಿಗೂ ಉಣ್ಣುತ್ತವೆ, ಬೆಳೆಯುತ್ತವೆ. ಬಾಟಲಿಯ ಕೆಂಪು ನೀರು ಹಳದಿಗೆ ತಿರುಗಿದರೆ ಹಸಿದಿವೆ ಎಂದರ್ಥ. ಅದನ್ನು ನೋಡಿ ಹೇಳುವ ಕೆಲಸವೂ ಬಿಸಿಲಜ್ಜಿಯ ತಲೆಗೇ ಬಿತ್ತು. ಪೆಟ್ಟಿಗೆಯ ಬಾಗಿಲು ತೆರೆದಾಗಲೆಲ್ಲ ಒಳಗಿನಿಂದ ಯಾರೋ ಮುಖದ ಮೇಲೆ ಉಸಿರು ಬಿಟ್ಟಂತಾಗುತ್ತಿತ್ತು.

ಅವಳಿಗೊಬ್ಬ ಮಗಳು, ಮಗಳಿಗೊಂದು ಮಗು. ಮಗುವನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಮೂರು ವರ್ಷವಾದರೂ ಗುಬ್ಬಿ ನಡೆಯಲಿಲ್ಲ, ಕಾಲು ಡೊಂಕು, ತಲೆಯಲ್ಲಿ ಒಂದೆಳೆ ಕೂದಲಿಲ್ಲ. ಆಸ್ಪತ್ರೆಯ ಡಾಕ್ಟರು ಮೊದಲು ವಿಟಮಿನ್ ಹನಿ ಬರೆದುಕೊಟ್ಟರು. ಆಮೇಲೆ ರಕ್ತಪರೀಕ್ಷೆಯಲ್ಲಿ ಹಾರ್ಮೋನು ತುಂಬಿ ತುಳುಕುತ್ತಿರುವುದನ್ನು ಕಂಡು, ನೀನೇ ಜಾಸ್ತಿ ಕುಡಿಸಿದ್ದೀಯ ಎಂದು ತಾಯಿಯನ್ನೇ ಗದರಿ, ಹನಿ ನಿಲ್ಲಿಸಿದರು.

ರಜೆಯ ಬೆಳಿಗ್ಗೆ ಬಿಸಿಲಜ್ಜಿ ಅಡುಗೆಮನೆಯಿಂದ ಬಂದು ನೋಡುತ್ತಾಳೆ: ಗುಬ್ಬಿ ಮಂಚದ ತುದಿಯಿಂದ ಕಿಟಕಿಯ ಸರಳು ಹಿಡಿದು, ಕಾಲು ಮಡಚಿ, ನೇತಾಡುತ್ತಿದೆ. ಬೋಳು ತಲೆ ಬಿಸಿಲಿಗೆ ತಿರುಗಿದೆ, ಕಣ್ಣು ಮುಚ್ಚಿದೆ. ಅಜ್ಜಿಯ ಸದ್ದಿಗೆ ಮಗು ನಿಧಾನವಾಗಿ ಕತ್ತು ತಿರುಗಿಸಿ, ಪಂಜರ ಸರಿಸುವುದನ್ನೇ ಕಾಯುವವರಂತೆ ನೋಡಿತು. 

ಅವತ್ತಿನಿಂದ ಅವಳು ಮಗುವನ್ನು ಎತ್ತಿಕೊಳ್ಳಲಿಲ್ಲ. ಯಜಮಾನಿಯ ರೋಗ ತನ್ನ ಕೈಗೆ ಅಂಟಿ ಮನೆಗೆ ಬಂದಿದೆ ಎಂದು ನಂಬಿಬಿಟ್ಟಳು. ಚರ್ಮ ಸುಲಿಯುವಷ್ಟು ಕೈ ತೊಳೆದಳು. ಮಗಳು ಕಾರಣ ಕೇಳಿ ಕೇಳಿ ಸೋತಳು.  ಊರವರ ಕೋತಿಗಳನ್ನೆಲ್ಲ ಬಿಸಿಲಿಗೆ ತಳ್ಳಿದ ಹೆಂಗಸು, ಸ್ವಂತ ಮೊಮ್ಮಗಳನ್ನು ಏಳು ವಾರ ನೆರಳಲ್ಲಿ ಬಿಟ್ಟಳು. ಭಯ ಬಂದರೆ ಬುದ್ಧಿ ಗಂಟುಮೂಟೆ ಕಟ್ಟುತ್ತದೆ, ಏನು ಮಾಡುವುದು!

ಬರೀ ಕೆಮ್ಮಿದ್ದಕ್ಕೆ ಗುಬ್ಬಿಯ ಪಕ್ಕೆಲುಬು ಬಿರುಕು ಬಿಟ್ಟ ಮೇಲೆ ಅವಳಿಂದ ತಡೆಯಲಾಗಲಿಲ್ಲ. ಆಸ್ಪತ್ರೆಯ ರಿಪೋರ್ಟನ್ನು ಡಾಕ್ಟರಮ್ಮನ ಮುಂದಿಟ್ಟು, ಈ ರೋಗ ನಾನೇ ತಂದಿದ್ದು, ನನ್ನ ಕೈಯೇ ತಂದಿತು ಎಂದು ಅತ್ತಳು.

ಡಾಕ್ಟರಮ್ಮ ಎರಡು ಸಲ ಓದಿದರು. “ಇದು ಅಂಟೋ ರೋಗ ಅಲ್ಲ ಅಜ್ಜಿ. ಹುಟ್ಟುವಾಗಲೇ ಬಂದಿರೋದು. ಮೊದಲು ಮನೆಗೆ ಹೋಗಿ ಮಗೂನ ಎತ್ಕೊಳ್ಳಿ.”

ತಾಯಿಯನ್ನು ಒಪ್ಪಿಸಿ ಗುಬ್ಬಿಯ ರಕ್ತ ತೆಗೆದು, ಜೀವಕೋಶ ಬೆಳೆಸಿ, ಯಜಮಾನಿಯ ಪಕ್ಕದಲ್ಲೇ ಎರಡನೇ ಬಾಟಲಿ ಇಟ್ಟರು. ಕೆಲವು ತಿಂಗಳಲ್ಲಿ ಉತ್ತರ ಬಂತು. ಹಾರ್ಮೋನು ಜೀವಕೋಶದ ಒಳಗೆ ಬರುತ್ತದೆ, ಅದನ್ನು ಕೈಹಿಡಿದು ಕರೆದೊಯ್ಯುವ ಪ್ರೋಟೀನೂ ಇದೆ. ಆದರೆ ಇಬ್ಬರೂ ಹೋಗಿ ಕೂರಬೇಕಾದ ಕುರ್ಚಿಯಲ್ಲಿ, ಎಂದರೆ ವಂಶವಾಹಿಯ ಮೇಲಿನ ಜಾಗದಲ್ಲಿ, ಬೇರೊಂದು ಪ್ರೋಟೀನು ಮೊದಲೇ ಕೂತಿದೆ. ಎರಡೂ ಬಾಟಲಿಯಲ್ಲಿ ಅದೇ ಕುರ್ಚಿ, ಅದೇ ಹಟಮಾರಿ. ಒಬ್ಬರನ್ನೊಬ್ಬರು ಕಾಣದ ಕೋತಿಗೂ ಮಗುವಿಗೂ ಇದು ಹೇಗೆ ಒಂದಾಯಿತೋ ಡಾಕ್ಟರಮ್ಮನಿಗೂ ತಿಳಿಯಲಿಲ್ಲ. ಎರಡು ಬಾಟಲಿಗಳ ನೀರೂ ಒಂದೇ ದಿನ ಹಳದಿಯಾಗುತ್ತಿದ್ದುದನ್ನು ಮಾತ್ರ ಬಿಸಿಲಜ್ಜಿ ಯಾರಿಗೂ ಹೇಳಲಿಲ್ಲ.

ಕೂತವನನ್ನು ಎಬ್ಬಿಸಲಾಗದು, ಇನ್ನಷ್ಟು ಹಾರ್ಮೋನು ತುಂಬಿಸಿ ನೂಕುನುಗ್ಗಲು ಮಾಡಬಹುದು ಎಂದರು ಡಾಕ್ಟರಮ್ಮ. ಆಸ್ಪತ್ರೆಯ ಡಾಕ್ಟರು ಹಿಂದೆಮುಂದೆ ನೋಡಿ, ಕೊನೆಗೆ ಒಪ್ಪಿ, ನಿಲ್ಲಿಸಿದ್ದ ವಿಟಮಿನ್ ಔಷಧಿಯನ್ನೇ ಹತ್ತಾರು ಪಟ್ಟು ಹೆಚ್ಚಿಸಿ, ಜೊತೆಗೆ ಕ್ಯಾಲ್ಸಿಯಂ ಕೊಟ್ಟು, ವಾರವಾರವೂ ರಕ್ತ ನೋಡಿದರು. ಹತ್ತು ತಿಂಗಳಿಗೆ ಗುಬ್ಬಿ ಎದ್ದು ನಿಂತಿತು. ಕೂದಲು ಬರಲಿಲ್ಲ, ಹಾಳಾಗಲಿ ಕೂದಲು ಎಂದಳು ಅಜ್ಜಿ.

ಐದು ತುಂಬಿದ ಮೇಲೆ ಒಂದು ದಿನ ಗುಬ್ಬಿ ಅಜ್ಜಿಯ ಕೈ ಹಿಡಿದು ನಡೆದೇ ಪ್ರಯೋಗಾಲಯಕ್ಕೆ ಬಂತು. ಹೊಸಬರನ್ನು ಕಂಡರೆ ಕಿರುಚಾಡುವ ಕೋತಿಗಳು ಅವತ್ತು ತುಟಿಪಿಟಿಕ್ಕೆನ್ನದೆ ಸಾಲಾಗಿ ಸರಳಿನ ಬಳಿ ಬಂದು ಕೂತು ನೋಡಿದವು. ಬಿಸಿಲಜ್ಜಿ ಮಗುವನ್ನು ಬೇಗ ಬೇಗ ಒಳಗೆ ಕರೆದೊಯ್ದು ಪೆಟ್ಟಿಗೆ ತೆರೆದು ತೋರಿಸಿದಳು.

“ಇದರಲ್ಲಿರೋದು ನಾನಾ?”

“ಹೂಂ, ಮೂರು ವರ್ಷದವಳಿದ್ದಾಗಿನ ನೀನು.”

“ಅವಳಿಗೂ ಔಷಧಿ ಕೊಡ್ತೀಯಾ?”

ಕೊಡುವುದಿಲ್ಲ. ಅದು ಇದ್ದ ಹಾಗೇ ಇರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಬರುವುದಿಲ್ಲ. ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು.

ಗುಬ್ಬಿ ಹಳದಿಗೆ ತಿರುಗುತ್ತಿದ್ದ ಎರಡನೇ ಬಾಟಲಿಯತ್ತ ಬೆರಳು ತೋರಿಸಿತು.

“ಅಜ್ಜೀ, ಅವಳನ್ನೂ ಬಿಸಿಲಿಗೆ ತಳ್ಳು.”

ಬಿಸಿಲಜ್ಜಿ ಬಾಟಲಿಗೆ ಕೈ ಚಾಚಿದಳು. ಅದು ಮಗುವಿನ ಅಂಗಾಲಿನಷ್ಟೇ ಬೆಚ್ಚಗಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಏನನ್ನು ಎಲ್ಲಿಗೆ ಸರಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.