ಏಳನೆಯ ಟಿಕೆಟ್

ಚಿಕ್ಕಮ್ಮನ ಟಿಕೆಟ್ ಕನ್ಫರ್ಮ್ ಆಗಿತ್ತು. ಅದನ್ನು ಕ್ಯಾನ್ಸಲ್ ಮಾಡಿದವನು ನಾನು. ಮಾಡಿ, "ವೇಟಿಂಗ್ ಲಿಸ್ಟ್ ಕ್ಲಿಯರ್ ಆಗ್ಲಿಲ್ಲ ಚಿಕ್ಕಮ್ಮ" ಎಂದು ಫೋನಿನಲ್ಲಿ ಹೇಳಿದವನೂ ನಾನೇ. ಆರು ವರ್ಷವಾಯಿತು. ಇಂದಿಗೂ ಮನೆಯಲ್ಲಿ ಆ ಮಾತು ಬಂದಾಗ ಎಲ್ಲರೂ 'ಛೆ, ಪಾಪ' ಎನ್ನುತ್ತಾರೆ — ಅವರ ಜೊತೆ ನಾನೂ ಎನ್ನುತ್ತೇನೆ.

ನಾನು ಹುಟ್ಟಿದಾಗಿನಿಂದ ಚಿಂತೆಯ ಮನುಷ್ಯ. ಸಾಗರದಿಂದ ಆನಂದಪುರಕ್ಕೆ ಹೊರಟರೂ ಗ್ಯಾಸ್ ಆರಿಸಿದೆಯಾ ಎಂದು ಮೂರು ಸಲ ಒಳಗೆ ಹೋಗಿ ನೋಡುವವನು. ಅಂಥವನ ಕೈಗೆ ಕಾಶಿ ಪ್ರವಾಸದ ಏರ್ಪಾಡು ಕೊಟ್ಟರು. ಕಡಿಮೆ ಖರ್ಚಿನಲ್ಲಿ ಮುಗಿಯಬೇಕು, ಹಾಗಾಗಿ ಸ್ಲೀಪರ್ ಬೋಗಿ. ಮೊದಲ ದಿನಕ್ಕೆ ಮನೆಯ ಚಪಾತಿ, ಎರಡನೆಯ ದಿನಕ್ಕೆ ಅವಲಕ್ಕಿ. ಅಲ್ಲಿ ಛತ್ರದಲ್ಲಿ ಮೂವರಿಗೊಂದರಂತೆ ಎರಡು ಕೋಣೆ. ಎಲ್ಲವನ್ನೂ ಮಗಳ ಹಳೆಯ ನೋಟುಪುಸ್ತಕದಲ್ಲಿ ಗೆರೆ ಹೊಡೆದು ಬರೆದಿದ್ದೆ. ಸೂಟ್‌ಕೇಸಿಗೆ ಸರಪಳಿ, ಸರಪಳಿಗೆ ಬೀಗ, ಬೀಗದ ಕೈ ಕಳೆದರೆ ಎಂದು ಇನ್ನೊಂದು ಬೀಗ.

"ನಿಮ್ಮನ್ನೂ ಬರ್ತಿಗೆ ಕಟ್ಟಿ ಬೀಗ ಹಾಕಿದ್ರೆ ನಾವು ನೆಮ್ಮದಿಯಾಗಿ ಹೋಗ್ಬರ್ತೀವಿ" ಎಂದಳು ಹೆಂಡತಿ.

ನಾನು, ಅವಳು, ಇಬ್ಬರು ಮಕ್ಕಳು, ಭಾವಮೈದ, ಅವನ ಹೆಂಡತಿ — ಆರು ಜನ. ಒಂದು ಟಿಕೆಟ್ಟಿನಲ್ಲಿ ಹಿಡಿಯುವುದೂ ಆರೇ ಹೆಸರು. ಆರಕ್ಕೂ ಒಂದೇ ಕಡೆ, ಎದುರುಬದುರು ಬರ್ತ್ ಸಿಕ್ಕಿತು. ನನ್ನ ಜನ್ಮದಲ್ಲಿ ಅಷ್ಟು ಸಲೀಸಾಗಿ ಆದ ಕೆಲಸ ಬೇರೊಂದಿಲ್ಲ. ಏಳನೆಯವಳು ಚಿಕ್ಕಮ್ಮ. ಅವಳಿಗೆ ಬೇರೆ ಟಿಕೆಟ್ ಮಾಡಿದೆ, ಅದು ವೇಟಿಂಗ್ ಲಿಸ್ಟಿಗೆ ಬಿತ್ತು.

ಚಿಕ್ಕಮ್ಮ ಅಮ್ಮನ ತಂಗಿ, ನಿಟ್ಟೂರಿನವಳು. ಗಂಡ ಬೇಗ ಹೋದ, ಮಕ್ಕಳಿಲ್ಲ. ಹೈಸ್ಕೂಲಿನ ಮೂರು ವರ್ಷ ನಾನಿದ್ದದ್ದು ಅವಳ ಹತ್ತಿರ. ಪರೀಕ್ಷೆಯ ದಿನ ಹೆದರಿಕೆಗೆ ತಿಂದದ್ದೆಲ್ಲ ಕಕ್ಕುತ್ತಿದ್ದೆ. ಬೆನ್ನು ಸವರಿ, ಬಾಯಿ ತೊಳೆಸಿ, ಶಾಲೆಯ ಗೇಟಿನವರೆಗೂ ಬರುತ್ತಿದ್ದಳು. ಅವಳು ರೈಲು ಹತ್ತಿದವಳೇ ಅಲ್ಲ. ಆಧಾರ್ ಕಾರ್ಡ್ ಇಲ್ಲದಿದ್ದರೆ ನಡುದಾರಿಯಲ್ಲಿ ಇಳಿಸಿಬಿಡುತ್ತಾರೆ ಎಂದು ನಾನು ಹೆದರಿಸಿದ್ದಕ್ಕೆ, ರವಿಕೆಯ ಒಳಗೆ ಕಾರ್ಡಿನ ಅಳತೆಗೇ ಒಂದು ಜೇಬು ಹೊಲಿಸಿಕೊಂಡಿದ್ದಳು.

"ಚಿಕ್ಕಮ್ಮಂಗೆ ಬೇರೆ ಬೋಗೀಲಿ ಸೀಟು ಬಂದ್ರೆ ನನ್ನ ಬರ್ತ್ ಅವರಿಗೆ ಕೊಟ್ಟು ನಾನೇ ಅಲ್ಲಿಗೆ ಹೋಗ್ತೀನಿ ಭಾವ. ನಿಮ್ಮ ಗೊರಕೆಯಿಂದ ತಪ್ಪಿಸ್ಕೊಂಡ ಹಾಗಾಯ್ತು" ಎಂದು ಭಾವಮೈದ ಮೊದಲೇ ಹೇಳಿದ್ದ. ಇದನ್ನು ಇಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ, ಬೋಗಿ ಬೇರೆಯಾಗಿತ್ತು, ಮುದುಕಿ ಒಬ್ಬಳೇ ಹೇಗೆ — ಎಂದು ನಾನು ನಿಮ್ಮ ಮುಂದೆಯೂ ಜಾರಿಕೊಳ್ಳುತ್ತೇನೆ.

ಹೊರಡಲು ನಾಲ್ಕು ದಿನವಿತ್ತು. ಶಿವಮೊಗ್ಗಕ್ಕೆ ಹೋಗುವಾಗ ಆನಂದಪುರದಲ್ಲಿ ಬಸ್ಸು ನಿಂತಿತು. ಚಹಾ ಕುಡಿಯುತ್ತಿದ್ದೆ, ಫೋನಿಗೆ ಮೆಸೇಜು ಬಂತು — ಕನ್ಫರ್ಮ್. ಬೇರೆ ಬೋಗಿ, ಕೆಳಗಿನ ಬರ್ತ್.

ಸಂತೋಷವಾಗಬೇಕಿತ್ತು. ನನಗೆ ಕಂಡದ್ದು ಆ ನೋಟುಪುಸ್ತಕ. ಏಳು ಜನರಿಗೆ ಎರಡು ಕೋಣೆ ಸಾಲದು. ಒಂದು ಆಟೋ ಸಾಲದು. ಗಂಟೆಗೊಮ್ಮೆ ಅವಳನ್ನು ಶೌಚಾಲಯಕ್ಕೆ ಕರೆದೊಯ್ಯಬೇಕು — ಓಡುವ ರೈಲು, ಒದ್ದೆ ನೆಲ, ಅವಳ ಮಂಡಿ. ಸಿಕ್ಕವರಿಗೆಲ್ಲ ತಿಂಡಿ ಹಂಚುತ್ತಾಳೆ, ಯಾವ ಊರು, ಯಾರ ಪೈಕಿ ಎಂದು ಮಾತಿಗಿಳಿಯುತ್ತಾಳೆ, ನಿಲ್ದಾಣದಲ್ಲಿ ಇಳಿದು ಕಳೆದುಹೋದರೆ... ಬೀಳುವುದು, ಕಳೆಯುವುದು, ಸಾಯುವುದು ಎಲ್ಲವನ್ನೂ ಅರ್ಧ ಲೋಟ ಚಹಾದಲ್ಲಿ ಮುಗಿಸಿದೆ. ಉಳಿದರ್ಧ ಕುಡಿಯುವುದರೊಳಗೆ ಟಿಕೆಟ್ ಕ್ಯಾನ್ಸಲ್ ಆಗಿತ್ತು. ಆಮೇಲೆ ಮೆಸೇಜನ್ನೂ ಅಳಿಸಿದೆ.

ಚಿಂತೆ ಮಾಡುವವನನ್ನು ಜನ ಕಾಳಜಿಯವನು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಅಂದು ನಾನು ಕಾಪಾಡಿದ್ದು ಅವಳನ್ನಲ್ಲ — ನಾನು ಹೊಡೆದ ಗೆರೆಗಳನ್ನು. ಅವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಬರುತ್ತೇನೆ ಎನ್ನುತ್ತಿದ್ದಳು. ಅದಕ್ಕೇ ಕೇಳಲಿಲ್ಲ.

ಫೋನಿನಲ್ಲಿ ಅವಳೇ ನನಗೆ ಸಮಾಧಾನ ಹೇಳಿದಳು. "ಹೋಗ್ಲಿ ಬಿಡಾ ಅಪ್ಪಿ, ರೈಲಿನವರು ಎಂತ ಮಾಡ್ತಾರೆ? ಕಾಶಿಗೆ ಅವನು ಕರೀಬೇಕು. ಕರೀದೆ ಯಾರು ಹೋಗೋಕಾಗ್ತದೆ?"

ನಮ್ಮ ಕಡೆ ಎಲ್ಲರೂ ಹೇಳುವ ಮಾತೇ ಇದು. ನಾನು ಹೂಂ ಎಂದೆ. ಒಳ್ಳೆಯದೇ ಆಯಿತು, ದೇವರ ಮೇಲೆ ಹೋಯಿತು — ಹೌದು, ಹಾಗೇ ಅನ್ನಿಸಿತು.

ಹೋದ ತಿಂಗಳು ಮೇಳಿಗೆಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಊಟಕ್ಕೆ ಚಿಕ್ಕಮ್ಮ ನನ್ನ ಎದುರಿನ ಸಾಲಿನಲ್ಲಿ ಕೂತಿದ್ದಳು. ಈಗ ಎಪ್ಪತ್ತೆಂಟು, ಇಬ್ಬರು ಹಿಡಿದರೆ ಮಾತ್ರ ಏಳುತ್ತಾಳೆ. ಪಕ್ಕದ ಅಜ್ಜಿ ಕೇಳಿದರು, "ಕಾಶಿಗೆ ಹೋಗ್ಬಂದ್ರಾ?"

"ನಂಗೆ ಕರೆ ಬರ್ಲಿಲ್ಲ" ಎಂದಳು. "ಯಾಕೆ ಅಂತ ಈಗ ಗೊತ್ತಾಯ್ತು. ನಮ್ಮತ್ತೆ ಹಾಸಿಗೆ ಹಿಡಿದಾಗ ಒಂದಿನ ನೀರು ಕೇಳಿದ್ರು. ಬೆಳಿಗ್ಗೆಯಿಂದ ಬೈದಿದ್ರಲ್ಲ, ಸಿಟ್ಟಿತ್ತು — ಕೇಳದವಳ ಹಾಗೆ ಅಂಗಳ ಗುಡಿಸ್ತಿದ್ದೆ. ಅದನ್ನ ಅವನು ನೋಡಿದ್ದ. ನೀರು ಕೊಡದವಳಿಗೆ ಗಂಗೆ ಎಲ್ಲಿಂದ ಸಿಗ್ತದೆ?"

ಆ ಅಜ್ಜಿ ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಎಲೆಗೆ ಯಾರೋ ಹೋಳಿಗೆ ಬಡಿಸಿ ಹೋದರು. ಅದನ್ನೂ ತಿಂದೆ.

ಆರು ವರ್ಷ ಅವಳು ತನ್ನ ಬದುಕನ್ನೆಲ್ಲ ಜಾಲಾಡಿ ಒಂದು ಪಾಪ ಹುಡುಕಿ ತೆಗೆದಿದ್ದಾಳೆ — ನನ್ನ ಸುಳ್ಳಿಗೆ ಒಂದು ಕಾರಣ ಬೇಕಾಗಿತ್ತಲ್ಲ, ಅದಕ್ಕೆ.

ಹೆಂಡತಿಗೆ ಎಲ್ಲ ಹೇಳಿದೆ. "ಈಗ ಹೇಳಿ ಆ ಜೀವಕ್ಕೆ ಇನ್ನೊಂದು ನೋವು ಯಾಕೆ?" ಎಂದಳು. ಆ ಪ್ರಶ್ನೆ ನನಗೆ ಎಷ್ಟು ಅನುಕೂಲವಾಗಿತ್ತೆಂದರೆ — ಎರಡು ವಾರ ಅದರ ಮರೆಯಲ್ಲೇ ಕೂತಿದ್ದೆ.

ಇನ್ನು ಅವಳನ್ನು ಕಾಶಿಗೆ ಕರೆದೊಯ್ಯಲು ಆಗುವುದಿಲ್ಲ. ಮನೆಯ ಮೆಟ್ಟಿಲೇ ಅವಳಿಗೆ ಘಟ್ಟ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಹೇಳಬೇಕಾದದ್ದು ಇಷ್ಟೇ: ಅವನು ಕರೆದಿದ್ದ ಚಿಕ್ಕಮ್ಮ, ಮೆಸೇಜು ನನ್ನ ಕೈಗೆ ಬಂದಿತ್ತು. ಬೇಡ ಎಂದವನು ನಾನು.

ಕೇಳಿ ಮಾತು ಬಿಟ್ಟರೆ ಬಿಡಲಿ. ಇನ್ನು ಅಪ್ಪಿ ಎಂದು ಕರೆಯದಿದ್ದರೆ — ಅದೂ ಸರಿ. ಭಾನುವಾರ ನಿಟ್ಟೂರಿಗೆ ಹೊರಟಿದ್ದೇನೆ, ಒಬ್ಬನೇ.